ಅವ್ವ ಎಲೆ ಬಿಟ್ಟ ವರ್ಷ

ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗುವಷ್ಟರಲ್ಲಿ ನನ್ನ ಕಾಯಿಲೆಯ ಕಥೆ ಅರ್ಧವೂ ಮುಗಿಯುವುದಿಲ್ಲ. ನಾನು ಹಾನಗಲ್ಲ–ಹಿರೇಕೆರೂರು ಬಸ್ಸಿನ ಕಂಡಕ್ಟರ್. ಹನ್ನೊಂದು ವರ್ಷದ ಸರ್ವಿಸು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ದಿನಾ ಬರುವ ಹೆಣ್ಣುಮಕ್ಕಳು ನನ್ನ ಗಿಡ್ಡ ಕೂದಲು ನೋಡಿ, "ಏನಾಗಿತ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಟಿಕೆಟ್ ಕೊಡುತ್ತಲೇ ಹೇಳುತ್ತೇನೆ. ಕುತ್ತಿಗೆಯ ಗಂಟಿನ ಸುದ್ದಿ ಮುಗಿದು ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕಿಆಲೂರು ಬಂದಿರುತ್ತದೆ, ಅವರು ಇಳಿದುಹೋಗುತ್ತಾರೆ. ತಿಳವಳ್ಳಿಯ ತನಕ ಬರುವವರಿಗೆ ಕೂದಲು ಉದುರಿದ್ದರವರೆಗೆ ಸಿಗುತ್ತದೆ. ಅವ್ವನ ಕಥೆ ಮಾತ್ರ ಈ ತನಕ ಯಾರಿಗೂ ಸಿಕ್ಕಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಲ್ಪ ಸಿಡುಕಿನ ಹೆಂಗಸು. ಹೊತ್ತು ಅಂದರೆ ಹೊತ್ತು. ಯಾರೋ ಓಡಿ ಬರುತ್ತಿದ್ದಾರೆಂದು ಬಸ್ಸು ತಡೆದವಳಲ್ಲ. "ಆ ಕಂಡಕ್ಟರಬಾಯಿ ಇದ್ದ ಬಸ್ಸು ಹಡೆದವ್ವ ಬಂದ್ರೂ ನಿಂದರೂದಿಲ್ಲ" ಎಂದು ಅಕ್ಕಿಆಲೂರಿನ ಸಂತೆಯಲ್ಲಿ ನನ್ನ ಬಗ್ಗೆ ಮಾತಿತ್ತು. ಅದು ಕಿವಿಗೆ ಬಿದ್ದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಗಂಟು ಮೊದಲು ಕಂಡದ್ದು ನನ್ನ ಐದು ವರ್ಷದ ಮಗಳು ಸೃಷ್ಟಿಗೆ. ಕುತ್ತಿಗೆ ತಬ್ಬಿಕೊಂಡು ಮಲಗಿದವಳು, "ಅವ್ವಾ, ಇಲ್ಲಿ ಗೋಲಿ ಐತಿ" ಎಂದಳು. ನೋಯುತ್ತಿರಲಿಲ್ಲ, ನೋಯದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆಮೇಲೆ ಸಂಜೆಯಾದರೆ ಜ್ವರ, ಮೈಯೆಲ್ಲ ತುರಿಕೆ, ಬೆಳಗ್ಗೆ ಎದ್ದರೆ ಹಾಸಿಗೆ ಒದ್ದೆ. ಯೂನಿಫಾರ್ಮು ಸಡಿಲವಾಗಿ ಎರಡು ಸಲ ಹೊಲಿಗೆ ಹಾಕಿಸಿದೆ. ತೋರಿಸಿದ ಮೊದಲ ಡಾಕ್ಟರು ಕ್ಷಯದ ಗಂಟು ಎಂದರು. ನಮ್ಮ ಕಡೆ ಕುತ್ತಿಗೆ ಗಂಟೆಂದರೆ ಹೆಚ್ಚಾಗಿ ಅದೇ ಇರುತ್ತದೆ, ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳುಗಟ್ಟಲೆ ಗುಳಿಗೆ ನುಂಗಿದೆ. ಗಂಟು ಒಂದಿದ್ದದ್ದು ಮೂರಾಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಟಿನ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ದಿನ ನನ್ನ ಗಂಡ ಮಂಜುನಾಥ ಅಂಗಡಿ ಮುಚ್ಚಿ ಜೊತೆಗೆ ಬಂದರು. ಹಾನಗಲ್ಲಿನಲ್ಲಿ ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವ ಕೆಲಸ ಅವರದು. ಕಾಯುವ ಬೆಂಚಿನ ಮೇಲೆ ಕುಳಿತು ಬೆರಳಿಗೆ ಅಂಟಿದ ವಾರ್ನಿಶನ್ನು ಉಗುರಿನಿಂದ ಕೆರೆಯುತ್ತಲೇ ಇದ್ದರು. ಮೊದಲಿಂದಲೂ ಮಾತು ಕಡಿಮೆಯ ಮನುಷ್ಯ.

ಅವ್ವನೂ ಇದ್ದಳು. ಗಂಟಿನ ತುಂಡು ಪರೀಕ್ಷೆಗೆ ಹೋದ ಸುದ್ದಿ ತಿಳಿದ ದಿನವೇ ಸವಣೂರಿನಿಂದ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಬಂದವಳು ಹೆಚ್ಚುಕಡಿಮೆ ಒಂದು ವರ್ಷ ನಮ್ಮ ಮನೆಯಲ್ಲೇ ಉಳಿದಳು. ಅವ್ವನ ಹೆಸರು ನೀಲವ್ವ. ಸವಣೂರಿನ ಎಲೆಬಳ್ಳಿಯ ತೋಟದಲ್ಲೇ ಅವಳ ಜೀವ ಸವೆದದ್ದು. ಅಪ್ಪ ತೀರಿಹೋದ ಮೇಲೆ ತೋಟ ಅಣ್ಣನ ಕೈಗೆ ಬಂತು, ಆದರೂ ಎಲೆ ಕೊಯ್ದು ಬುಟ್ಟಿಗೆ ಒತ್ತುವ ಕೆಲಸವನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಲಾರಿಗೆ ಹಾಕುವಾಗ ಬುಟ್ಟಿಗಳು ಅದಲುಬದಲಾಗದಿರಲೆಂದು ಒಂದೊಂದು ಮನೆಯವರು ಒಂದೊಂದು ಬಣ್ಣದ ಬೊಟ್ಟು ಇಡುತ್ತಾರೆ. ನಮ್ಮದು ಕೆಂಪು. ಅವ್ವನ ಬಾಯಿ ಎಲೆಯಿಲ್ಲದೆ ಖಾಲಿಯಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಸಣ್ಣವರಿದ್ದಾಗ ಅಣ್ಣನೂ ನಾನೂ ಅವಳ ಮೊಣಕಾಲಿಗೆ ಜೋತುಬಿದ್ದು, "ಬಾಯಾಗಿಂದು ಕೊಡs" ಎಂದು ಕಾಡುತ್ತಿದ್ದೆವು. ಅಗಿದ ಎಲೆಯನ್ನು ಚಿಟಿಕೆಯಷ್ಟು ತೆಗೆದು ನಮ್ಮ ನಾಲಿಗೆಗೆ ಹಚ್ಚುತ್ತಿದ್ದಳು. ಯಾರ ನಾಲಿಗೆ ಹೆಚ್ಚು ಕೆಂಪೆಂದು ಕನ್ನಡಿಯ ಮುಂದೆ ನಮ್ಮ ಜಗಳ.

ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ನೇರವಾಗಿ ಹೇಳಿದರು. ಇದು ಕ್ಷಯವಲ್ಲ, ಲಿಂಫೋಮಾ, ರಕ್ತದ ಕ್ಯಾನ್ಸರುಗಳ ಬಳಗದ್ದು, ಔಷಧಿಗೆ ಬಗ್ಗುವಂಥದ್ದು. "ಬಗ್ಗುವಂಥದ್ದು" ಎನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ, ಮನೆಗೆ ಬಂದ ಮೇಲೆ ಮಂಜುನಾಥ ಹೇಳಿದರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಸೃಷ್ಟಿ ಒಂದನೇ ಕ್ಲಾಸಿಗೆ ಹೋಗುವಾಗ ನಾನಿರುತ್ತೇನೋ ಇಲ್ಲವೋ.

"ನನಗ ಯಾಕ ಬಂತ್ರಿ ಇದು? ಬೀಡಿ ಸೇದೂದಿಲ್ಲ, ಸೆರೆ ಕುಡಿಯೂದಿಲ್ಲ" ಎಂದು ಕೇಳಿದೆ.

"ಅದನ್ನ ಪೂರ್ತಿ ಹೇಳಾಕ ನಮಗೂ ಬರೂದಿಲ್ರಿ," ಎಂದರು ಡಾಕ್ಟರು. "ನಿಮ್ಮ ಗಂಟಿನ್ಯಾಗ ಒಂದು ವೈರಸ್ಸಿನ ಗುರುತು ಸಿಕ್ಕೈತಿ. ಅದು ಹೊಸಾದಲ್ಲ. ಸಣ್ಣವರಿದ್ದಾಗ ಎಂಜಲದಿಂದ ಬಂದು ಮೈಯಾಗ ಮಲಗಿರ್ತೈತಿ. ಬಹಳ ಮಂದಿಯೊಳಗ ಇರ್ತೈತಿ, ಏನೂ ಮಾಡೂದಿಲ್ಲ. ಎಲ್ಲೋ ಒಬ್ಬರಿಗೆ ಹಿಂಗ ತಿರುಗಿ ಬೀಳ್ತೈತಿ. ಅದೊಂದರಿಂದನ ಆತು ಅಂತನೂ ಹೇಳಾಕ ಬರೂದಿಲ್ಲ."

ಇಷ್ಟು ಮಾತಿನಲ್ಲಿ ನಾನು ಕೇಳಿಸಿಕೊಂಡದ್ದು ಕ್ಯಾನ್ಸರ್. ಮಂಜುನಾಥ ಕೇಳಿಸಿಕೊಂಡದ್ದು ಔಷಧಿ. ಅವ್ವ ಕೇಳಿಸಿಕೊಂಡದ್ದು ಎಂಜಲು.

ಹೊರಗೆ ಬಂದು ಲಿಫ್ಟಿನ ಹತ್ತಿರದ ಕಸದ ಡಬ್ಬಿಗೆ ಅವ್ವ ಬಾಯಿಯ ಎಲೆ ಉಗುಳಿದಳು. ಮತ್ತೊಂದು ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯೆಂದು ಇರಬೇಕು ಅಂದುಕೊಂಡೆ.

ಹದಿನೈದು ದಿನಕ್ಕೊಮ್ಮೆಯಂತೆ ಹನ್ನೆರಡು ಸಲ ಔಷಧಿ. ಬಂಕಾಪುರ, ಶಿಗ್ಗಾವಿ ದಾಟಿ ಹುಬ್ಬಳ್ಳಿಗೆ ಹೋಗುವ ಬಸ್ಸು. ಹನ್ನೊಂದು ವರ್ಷ ನಿಂತು ತಿರುಗಿದವಳು ಈಗ ಕಿಟಕಿಗೆ ತಲೆ ಕೊಟ್ಟು ಕುಳಿತು ಹೋಗುವ ಪ್ಯಾಸೆಂಜರು. ಗೊತ್ತಿದ್ದ ಕಂಡಕ್ಟರುಗಳು ಮುಂದಿನ ಸೀಟು ಹಿಡಿದಿಟ್ಟಿರುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದು ದೊಡ್ಡ ಉಪಕಾರ. ಬರುವಾಗ ಗೊಟಗೋಡಿ ದಾಟುವಷ್ಟರಲ್ಲಿ ವಾಂತಿ ಶುರುವಾಗುತ್ತಿತ್ತು. ಅವ್ವ ಪ್ಲಾಸ್ಟಿಕ್ ಚೀಲ ಹಿಡಿದು, ಇನ್ನೊಂದು ಕೈಯಿಂದ ನನ್ನ ಹಣೆ ಒತ್ತಿ ಹಿಡಿಯುತ್ತಿದ್ದಳು.

ಔಷಧಿಗಳಲ್ಲಿ ಒಂದು ಕೆಂಪಗಿತ್ತು. ಅದು ನರದೊಳಗೆ ಹೋದ ದಿನ ಮೂತ್ರವೂ ಕೆಂಪು. ಮೊದಲ ಸಲ ನೋಡಿ ನಾನು ಬಚ್ಚಲಲ್ಲೇ ಕೂಗಿದೆ. ನರ್ಸು ಓಡಿಬಂದು, "ಔಷಧಿ ಬಣ್ಣರಿ ಅದು, ರಕ್ತ ಅಲ್ಲ, ಹೆದರಬ್ಯಾಡ್ರಿ" ಎಂದು ಬೆನ್ನು ಸವರಿದಳು. ಆ ಬಣ್ಣ ಥೇಟ್ ಅವ್ವ ತೋಟದ ಬದುವಿನಲ್ಲಿ ಉಗುಳುತ್ತಿದ್ದ ಎಲೆಯ ಬಣ್ಣ. ನಗಿಸಲೆಂದು ಅವ್ವನಿಗೆ ಹಾಗೇ ಹೇಳಿದೆ. ಅವಳು ನಗಲಿಲ್ಲ. ಎದ್ದು ಕಾರಿಡಾರಿನ ಕೊನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಎರಡನೇ ಸಲದ ಔಷಧಿಯ ನಂತರದ ಒಂದು ಮಧ್ಯಾಹ್ನ. ನೀರಿಗೆಂದು ಅಡುಗೆಮನೆಗೆ ಹೋದರೆ ಅವ್ವ ನೆಲದ ಮೇಲೆ ಕುಳಿತು ಒಂದು ಸ್ಟೀಲಿನ ತಾಟಿನ ಅಂಚಿಗೆ ಕೆಂಪು ಬಣ್ಣದ ಬೊಟ್ಟು ಇಡುತ್ತಿದ್ದಳು. ಪಕ್ಕದಲ್ಲಿದ್ದ ಲೋಟಕ್ಕೂ ಒಂದು ಬೊಟ್ಟು. ಬುಟ್ಟಿಗೆ ಹಚ್ಚುವ ಅದೇ ಬಣ್ಣ, ಸವಣೂರಿನಿಂದ ತರಿಸಿದ್ದು. ನನ್ನನ್ನು ಕಂಡವಳೇ ಅವುಗಳ ಮೇಲೆ ಸೆರಗು ಮುಚ್ಚಿದಳು. ಸಂಜೆ ನೋಡಿದರೆ ಆ ತಾಟು, ಆ ಲೋಟ ಬೇರೆ ಪಾತ್ರೆಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಇದ್ದವು.

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ತಾಟು ಬೇರೆ ಮಾಡಿದ್ದು ಕಂಡಿದ್ದೇವೆ. ವೈರಸ್ ಎಂಬ ಶಬ್ದ ಕೇಳಿ ಅವ್ವನಿಗೂ ಹೆದರಿಕೆ ಹುಟ್ಟಿದೆ, ನನ್ನನ್ನು ಬೇರೆ ಮಾಡುತ್ತಿದ್ದಾಳೆ ಅಂದುಕೊಂಡೆ. ತವರಿಗೆ ಹೋದಾಗೆಲ್ಲ ಅವ್ವನೂ ನಾನೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುವವರು. ಈಗ ಅವಳು ಜೊತೆಗೆ ಕೂರುತ್ತಲೇ ಇರಲಿಲ್ಲ. ಎಲ್ಲರದೂ ಆದ ಮೇಲೆ ಹಿತ್ತಲ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಆ ಬೊಟ್ಟಿನ ತಾಟಿನಲ್ಲಿ ನನಗೆ ಊಟ ಬರುವುದನ್ನು ದಿನಾ ಕಾಯುತ್ತಿದ್ದೆ. ಬರಲಿಲ್ಲ. ನನಗೆ ಬರುತ್ತಿದ್ದದ್ದು ಬಿಸಿನೀರಲ್ಲಿ ಕುದಿಸಿ ತೆಗೆದ ಬೇರೆ ತಾಟು. ಸಿಟ್ಟಿನಲ್ಲಿದ್ದವಳಿಗೆ ಆ ಕುದಿಸಿದ್ದೂ ಅವಮಾನವಾಗಿಯೇ ಕಂಡಿತು.

ಕೇಳಿಬಿಡಬಹುದಿತ್ತು. ಬಸ್ಸಿನಲ್ಲಿ ಎಂಥ ಗಂಡಸರನ್ನೂ ಗದರಿಸಿ ಟಿಕೆಟ್ಟು, ಪಾಸು ಕೇಳುವ ಬಾಯಿ ಇದು. ಅವ್ವನ ಮುಂದೆ ಏಳಲಿಲ್ಲ. ಹೌದು ಅಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ ಕ್ಯಾನ್ಸರಿಗಿಂತ ದೊಡ್ಡದಾಗಿತ್ತು.

ಸೃಷ್ಟಿಯದೂ ಅದೇ ಗೋಳು. ಕೈತುತ್ತು ಕೊಟ್ಟು ಉಣಿಸುತ್ತಿದ್ದ ಅಜ್ಜಿ ಈಗ ಚಮಚ ಹಿಡಿದಿದ್ದಳು, ಮುದ್ದು ಕೊಡುತ್ತಿರಲಿಲ್ಲ. ಒಂದು ದಿನ ಮಗು ಶೇಂಗಾ ಉಂಡಿ ಕಚ್ಚಿ, ಉಳಿದರ್ಧ ಅಜ್ಜಿಯ ಬಾಯಿಗೆ ಒಡ್ಡಿತು. ಅವ್ವ ಮುಖ ತಿರುಗಿಸಿದಳು. "ಎಂಜಲಾತೇನ್ ಅಜ್ಜಿ? ತಡಿ, ಗುಬ್ಬಿ ಎಂಜಲಾ ಮಾಡ್ತೇನಿ" ಎಂದು ಮಗು ಇನ್ನೊಂದು ಉಂಡಿಯನ್ನು ಲಂಗದ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡಿತು. ಬಟ್ಟೆ ನಡುವೆ ಬಂದರೆ ಎಂಜಲಲ್ಲವೆಂಬ ಈ ಲೆಕ್ಕ ನಮ್ಮ ಕಡೆ ಹುಟ್ಟಿದ ಮಕ್ಕಳಿಗೆಲ್ಲ ಗೊತ್ತು. ಅವ್ವ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ತಿಂದಳೋ ಇಲ್ಲವೋ ನನಗೆ ಕಾಣಲಿಲ್ಲ.

ಕೂದಲು ಮೂರನೇ ಸಲಕ್ಕೆ ಹೋಯಿತು. ಬಾಯಿಯಲ್ಲಿ ಹುಣ್ಣೆದ್ದು ನೀರು ನುಂಗಿದರೂ ಕಣ್ಣಲ್ಲಿ ನೀರು. ಅವ್ವ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಹಾಕಿ, ಬೆರಳಿನಿಂದ ಕಿವುಚಿ ಕಿವುಚಿ ಗಂಜಿಯಂತೆ ಮಾಡಿ ಚಮಚದಲ್ಲಿ ಕೊಡುತ್ತಿದ್ದಳು. ಕೊಡುವಾಗ ಮೂಗು, ಬಾಯಿ ಮುಚ್ಚುವಂತೆ ಸೆರಗು ಕಟ್ಟಿಕೊಂಡಿರುತ್ತಿದ್ದಳು. ನಾನು ಆ ಸೆರಗನ್ನೇ ನೋಡುತ್ತ ನುಂಗುತ್ತಿದ್ದೆ.

ಆರನೇ ಸಲ ಹೋದಾಗ ಕಾಯುವ ಕೋಣೆಯಲ್ಲಿ ಪೀರಸಾಬಣ್ಣ ಸಿಕ್ಕರು. ಸವಣೂರಿನವರೇ, ಎಲೆ ವ್ಯಾಪಾರಸ್ಥರು, ನಮ್ಮ ತೋಟದ ಬುಟ್ಟಿಗಳನ್ನು ಎಷ್ಟೋ ವರ್ಷ ಕೊಂಡವರು. ಅವರ ಹೆಂಡತಿಗೂ ರಕ್ತದ್ದೇ ಕಾಯಿಲೆ, ಒಳಗೆ ಮಲಗಿಸಿದ್ದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ನಿದ್ದೆ ಬಂದಿದೆ ಎಂದು ಇಬ್ಬರೂ ಅಂದುಕೊಂಡಿರಬೇಕು.

"ಏನ್ ನೀಲವ್ವಾ, ಬಾಯಿ ಬೆಳ್ಳಗಾಗೇತಲ್ಲ," ಎಂದರು ಪೀರಸಾಬಣ್ಣ. "ಸವಣೂರ ಹೆಣ್ಣಮಗಳ ಬಾಯಾಗ ಎಲಿ ಇಲ್ಲ ಅಂದ್ರ ಹೆಂಗವಾ? ತಗೋ, ನಿಮ್ಮ ತೋಟದ್ದ ಐತಿ."

"ಬ್ಯಾಡ್ರಿ ಅಣ್ಣಾ. ಬಿಟ್ಟೇನಿ."

"ಹರಕಿ ಹೊತ್ತೀಯೇನ?"

ಅವ್ವ ಸಣ್ಣ ದನಿಯಲ್ಲಿ ಹೇಳಿದಳು. "ಹರಕಿ ಅಲ್ರಿ. ಈ ಬಾಯಿಂದನ ಆಗಿದ್ದು. ಆಕಿ ಹುಟ್ಟಿದಾಗ ಇಷ್ಟ ಇದ್ದಳು, ಅಂಗೈ ಅಗಲ. ಏನ ಕೊಟ್ರೂ ಉಗಳಾಕಿ. ನಾನs ರೊಟ್ಟಿ ಅಗದು ಅಗದು ಬಾಯಿಗಿಟ್ಟೆ. ದೊಡ್ಡಾಕಿ ಆದಮ್ಯಾಲೂ ಬಾಯಾಗಿನ ಎಲಿ ಕೊಟ್ಟೆ. ಎಂಜಲದಿಂದ ಬಂದೈತಿ ಅಂತ ಡಾಕ್ಟರಬಾಯಿ ಹೇಳಿದ್ಲಲ್ಲ. ಮತ್ಯಾರ ಎಂಜಲ ಉಂಡಾಳ ಆಕಿ? ಅದಕ್ಕ ನನ್ನ ತಾಟ, ನನ್ನ ಲೋಟ ಬ್ಯಾರೆ ಇಟ್ಟೇನಿ, ಗುರುತು ಹಚ್ಚಿ. ಮೊಮ್ಮಗಳಿಗಾದ್ರೂ ಹತ್ತಬಾರದು."

ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಎರಡು ತಿಂಗಳು ನಾನು ಅವ್ವನ ಮೇಲೆ ಹಲ್ಲು ಕಡಿಯುತ್ತ ಬದುಕಿದ್ದೆ, ಅವಳು ತನ್ನ ಮೇಲೆ. ಒಂದೇ ಮನೆಯಲ್ಲಿ, ಒಂದೇ ತಾಟು ನೋಡುತ್ತ.

ಪೀರಸಾಬಣ್ಣ ಸಮಾಧಾನದ ಮಾತೇನೂ ಆಡಲಿಲ್ಲ. "ನಮ್ಮಾಕಿಗೆ ನಾನು ಏನ ಕೊಟ್ಟೆ ಅಂತ ನಾನೂ ಕುಂತು ಲೆಕ್ಕಾ ಹಾಕಾಕತ್ತೇನಿ ನೀಲವ್ವಾ," ಎಂದರು. "ಹತ್ತೂದಿಲ್ಲ ಲೆಕ್ಕ." ಅಷ್ಟರಲ್ಲಿ ಒಳಗಿಂದ ಕರೆ ಬಂತು, ಎದ್ದು ಹೋದರು.

ಅಂದು ಡಾಕ್ಟರ ಕೋಣೆಗೆ ಅವ್ವನ ಕೈ ಹಿಡಿದು ಎಳೆದುಕೊಂಡು ಹೋದೆ. "ನಮ್ಮವ್ವಗ ನೀವs ಹೇಳ್ರಿ" ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಅವ್ವನನ್ನು ತಮ್ಮ ಎದುರಿಗೆ ಕೂರಿಸಿಕೊಂಡರು.

"ಅಜ್ಜೀ, ಹೊರಗ ಕುಂತ ಮಂದಿಯೊಳಗ ಬಹಳ ಮಂದಿ ಮೈಯಾಗ ಆ ವೈರಸ್ ಇರ್ತೈತಿ. ನನ್ನ ಮೈಯಾಗೂ ಇರಬೇಕು. ಯಾರೋ ಮುದ್ದು ಕೊಟ್ಟಿರ್ತಾರ, ಯಾರದೋ ಲೋಟದಾಗ ನೀರು ಕುಡದಿರ್ತೇವಿ. ತಪ್ಪಿಸ್ಕೊಂಡಾವರು ಕಡಿಮಿ."

"ಹಂಗಾದ್ರ ನಾ ಕೊಟ್ಟಿದ್ದಲ್ಲೇನ್ರಿ?" ಎಂದು ಅವ್ವ ಕೇಳಿದಳು.

ಅಲ್ಲ ಎಂದುಬಿಡಲಿ ಎಂದು ನಾನು ಡಾಕ್ಟರ ಮುಖ ನೋಡಿದೆ. ಅವರು ಸುಳ್ಳು ಹೇಳಲಿಲ್ಲ. "ನೀವ ಕೊಟ್ಟಿರಬಹುದು, ಬ್ಯಾರೆಯವರು ಕೊಟ್ಟಿರಬಹುದು. ಯಾರೂ ಹೇಳಾಕ ಬರೂದಿಲ್ಲ. ಆದ್ರ ಕ್ಯಾನ್ಸರ್ ನೀವು ಕೊಟ್ಟಿಲ್ಲ. ಅದು ಎಂಜಲದಾಗ ಬರೂದಿಲ್ಲ, ತಾಟಿನ್ಯಾಗ ಬರೂದಿಲ್ಲ."

ಅವ್ವ ಕೈಮುಗಿದು ಎದ್ದಳು. ಹೊರಗೆ ಬಂದ ಮೇಲೆ ನಾನು, "ಅಣ್ಣಗೂ ಅದs ಬಾಯಿಂದ ಕೊಟ್ಟೀಯಲ್ಲ ಅವ್ವಾ, ಅವಗೇನಾತು? ಎತ್ತಿನಂಗ ಅದಾನ" ಎಂದೆ.

"ಅವಗ ಆಗಲಿಲ್ಲ. ನಿನಗಾತಲ್ಲ," ಎಂದಳು.

ಒಂದು ಬದಲಾಯಿತು. ಆ ದಿನದಿಂದ ಅವ್ವ ಹಿತ್ತಲ ಬಾಗಿಲಲ್ಲಿ ಉಣ್ಣಲು ಕುಳಿತರೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ತಾಟು ಬೇರೆಯೇ. ರಕ್ತದ ಕಣಗಳು ಕಡಿಮೆಯಿವೆ, ಯಾರದೂ ಎಂಜಲು ಬೇಡವೆಂದು ಡಾಕ್ಟರು ನನಗೇ ತಾಕೀತು ಮಾಡಿದ್ದರು. ಅವ್ವ ಅದನ್ನೇ ಹಿಡಿದುಕೊಂಡು, "ನೋಡಿದೇನು, ಡಾಕ್ಟರಬಾಯಿನೂ ಬ್ಯಾಡ ಅಂದಾಳ" ಎನ್ನುತ್ತಿದ್ದಳು. ಅದು ನನ್ನ ಮೈಯ ಬಲ ಸಾಲದ್ದಕ್ಕೆ, ನಿನ್ನ ಬಾಯಿಯ ದೋಷಕ್ಕಲ್ಲ ಎಂದು ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಹನ್ನೆರಡೂ ಮುಗಿದವು. ಕೊನೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ಮಂಜುನಾಥ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಹತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇನ್ನೂ ವರ್ಷಗಟ್ಟಲೆ ತೋರಿಸುತ್ತಿರಬೇಕು, ಪ್ರತಿ ಸಲ ವರದಿ ಬರುವ ತನಕ ಜೀವ ಕೈಯಲ್ಲಿರುತ್ತದೆ. ಅಂದು ಪೀರಸಾಬಣ್ಣನನ್ನು ಹುಡುಕಿದೆ. ಅವರ ಹೆಂಡತಿ ಹಿಂದಿನ ತಿಂಗಳೇ ತೀರಿಹೋಗಿದ್ದರಂತೆ. ನನ್ನ ಸಂತೋಷ ಅವರು ಕೂರುತ್ತಿದ್ದ ಬೆಂಚಿನ ಮುಂದೆ ತಲೆ ತಗ್ಗಿಸಿ ನಿಂತಿತು.

ಅವ್ವ ದೇವರಿಗೆ ಕಾಯಿ ಒಡೆದಳು, ಓಣಿಗೆಲ್ಲ ಸಕ್ಕರೆ ಹಂಚಿದಳು. ಎಲೆ ಮಾತ್ರ ಮುಟ್ಟಲಿಲ್ಲ. ಬೊಟ್ಟಿನ ತಾಟು ಕಿಟಕಿಯಿಂದ ಇಳಿಯಲಿಲ್ಲ.

ಮತ್ತೆ ಡ್ಯೂಟಿಗೆ ಹೋದ ಮೊದಲ ದಿನ, "ನಡುವ ತಲಿ ತಿರಗಿ ಬಿದ್ರ? ನಾನೂ ಬರ್ತೇನಿ" ಎಂದು ಅವ್ವ ಬಸ್ಸು ಹತ್ತಿದಳು. ಡ್ರೈವರ್ ಹಿಂದಿನ ಸೀಟಿನಲ್ಲಿ ಖಾಲಿ ಎಲೆಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತು, ನಾನು ಟಿಕೆಟ್ ಕೊಡುವುದನ್ನೇ ನೋಡುತ್ತಿದ್ದಳು. ಹಿರೇಕೆರೂರು ಸ್ಟ್ಯಾಂಡಿನಲ್ಲಿ ಊಟದ ಹೊತ್ತು. ಬಸ್ಸು ಖಾಲಿಯಾಯಿತು. ಬುತ್ತಿಯ ಗಂಟು ಬಿಚ್ಚಿದರೆ ಅವ್ವ ತನ್ನ ಬೊಟ್ಟಿನ ತಾಟನ್ನೂ ಕಟ್ಟಿಕೊಂಡು ತಂದಿದ್ದಳು. ಅದರಲ್ಲಿ ರೊಟ್ಟಿ, ಪುಂಡಿಪಲ್ಲೆ ಹಾಕಿಕೊಂಡು ತಿನ್ನತೊಡಗಿದಳು. ಶೇಂಗಾ ಉಂಡಿ ಒಂದೇ ಇತ್ತು. ಅದನ್ನು ಸೆರಗಿನಲ್ಲಿ ಸುತ್ತಿ, ಮೊಮ್ಮಗಳು ಮಾಡಿದ ಹಾಗೆ ಬಟ್ಟೆಯ ಮೇಲಿಂದ ಕಚ್ಚಿ, ಅರ್ಧ ನನ್ನ ಕೈಗಿಟ್ಟಳು. ಎಪ್ಪತ್ತರ ಹತ್ತಿರದ ಮುದುಕಿ ಗುಬ್ಬಿ ಎಂಜಲು ಮಾಡುವುದನ್ನು ನೋಡಿ ನಗು ಬರಬೇಕಿತ್ತು. ನನಗೆ ಅಳು ಬಂತು.

ಆ ಅರ್ಧ ಉಂಡಿಯನ್ನು ಸೀಟಿನ ಮೇಲಿಟ್ಟೆ. ಅವ್ವನ ತಾಟಿಗೆ ಕೈ ಹಾಕಿ, ಅವಳು ಕಚ್ಚಿ ಇಟ್ಟಿದ್ದ ರೊಟ್ಟಿಯ ತುಂಡನ್ನು ಪಲ್ಲೆ ಸಮೇತ ಎತ್ತಿ ಬಾಯಿಗೆ ಹಾಕಿಕೊಂಡೆ. ಅವ್ವ ನನ್ನ ಕೈ ಹಿಡಿದಳು, ತಡವಾಗಿತ್ತು.

"ಏನ ಮಾಡಿದಿ ಶಕ್ಕೂ?"

"ಉಂಡೆ. ಅಂಗೈ ಅಗಲ ಇದ್ನಲ್ಲ ನಾನು? ಅಗದು ಕೊಡದಿದ್ರ ಉಳೀತಿದ್ನೇನು? ಅದನ್ನ ಯಾಕ ಎಣಸೂದಿಲ್ಲ ನೀನು?"

ಅವ್ವ ತಾಟನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಚಿನ ಬೊಟ್ಟಿನ ಮೇಲೆ ಹೆಬ್ಬೆರಳು ಆಡಿಸುತ್ತ ಕುಳಿತಳು. ಆಮೇಲೆ ಇನ್ನೊಂದು ರೊಟ್ಟಿ ತೆಗೆದು ಅದೇ ತಾಟಿಗೆ ಹಾಕಿ, ತಾಟನ್ನು ನಮ್ಮಿಬ್ಬರ ನಡುವೆ ಸರಿಸಿದಳು. ಇಬ್ಬರೂ ಅದರಲ್ಲೇ ಉಂಡೆವು.

ವಾಪಸು ಬರುವಾಗ ತಿಳವಳ್ಳಿ ದಾಟಿದ ಮೇಲೆ ಅವ್ವ ನನ್ನ ಅಂಗಿ ಜಗ್ಗಿದಳು.

"ಅಕ್ಕಿಆಲೂರಾಗ ಎಷ್ಟ ಹೊತ್ತು ನಿಂದರ್ತೈತಿ ಬಸ್ಸು?"

"ಐದು ನಿಮಿಷ. ಯಾಕ?"

ಅವ್ವ ಕಿಟಕಿಯ ಕಡೆ ನೋಡುತ್ತ, "ಎಲಿ ತಗೋಬೇಕು" ಎಂದಳು.

ಅಂದು ಅಕ್ಕಿಆಲೂರಿನ ಸಂತೆ. ಅವ್ವ ಇಳಿದು ಜನರ ನಡುವೆ ಹೋದಳು. ಸವಣೂರಿನವಳು ಸಿಕ್ಕ ಎಲೆ ಕೊಳ್ಳುವವಳಲ್ಲ. ಒಬ್ಬನ ಬುಟ್ಟಿ ನೋಡಿದಳು, ಮುಂದಿನವನ ಹತ್ತಿರ ಹೋದಳು, ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು. ಐದು ನಿಮಿಷ ಆಯಿತು, ಹತ್ತಾಯಿತು. ಬಸ್ಸು ತುಂಬಿತ್ತು. ಡ್ರೈವರ್ ಎರಡು ಸಲ ಹಾರ್ನು ಒತ್ತಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಹಿಂದಿನಿಂದ ಯಾರೋ, "ಹೊತ್ತಾತ್ರಿ ಅಕ್ಕಾರ, ಹೊಡೀರಿ ಸೀಟಿ. ಯಾರ ಬರಬೇಕಾಗೇತಿ?" ಎಂದರು.

ನಾನು ಬಾಗಿಲಲ್ಲಿ ಅಡ್ಡ ನಿಂತು, ಸೀಟಿಯನ್ನು ಜೇಬಿಗೆ ಹಾಕಿಕೊಂಡೆ.

"ತಡೀರಿ," ಎಂದೆ. "ನಮ್ಮವ್ವ ಬರ್ಲಿ."